ದೂರ್ವಾಸಪುರದ ಹೆಣ, ಧಾರವಾಡದ ಅಟ್ಟ: ‘ಸಂಸ್ಕಾರ’ ಚಿತ್ರದ ಹುಟ್ಟು ಮತ್ತು ಬಾಳಿಕೆ

ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರು ನಿರ್ಮಿಸಿ ನಿರ್ದೇಶಿಸಿದ ಕಪ್ಪು-ಬಿಳುಪು ಚಿತ್ರ ‘ಸಂಸ್ಕಾರ’ವು 1970ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದಂದಿನಿಂದ ಇಂದಿನವರೆಗೂ ‘ಮೊದಲನೆಯದು’ ಎಂಬ ಬಿರುದು ಅದರ ಹೆಸರಿಗೆ ಅಂಟಿಕೊಂಡೇ ಬಂದಿದೆ. ಕನ್ನಡಕ್ಕೆ ದೇಶದ ಅತ್ಯುನ್ನತ ಚಲನಚಿತ್ರ ಪ್ರಶಸ್ತಿ ತಂದ ಮೊದಲ ಚಿತ್ರ, ಕನ್ನಡದಲ್ಲಿ ಹೊಸ ಅಲೆಗೆ ದಾರಿ ಮಾಡಿದ ಮೊದಲ ಚಿತ್ರ ಎಂಬ ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲು ಬಂದದ್ದೆಲ್ಲ ಉಳಿಯುವುದಿಲ್ಲವಾದ್ದರಿಂದ, ಅರ್ಧ ಶತಮಾನ ಕಳೆದ ಮೇಲೂ ಈ ಚಿತ್ರ ಚರ್ಚೆಯಲ್ಲಿ ಉಳಿದಿರುವುದಕ್ಕೆ ಆ ಬಿರುದು ಕಾರಣವಾಗಲಾರದು. ಸತ್ತವನೊಬ್ಬನಿಗೆ ಕೊನೆಯ ಕರ್ಮ ಮಾಡುವವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಚಿತ್ರವು ಬಿಡಿಸದೆ ನೋಡುಗರ ಮುಂದಿಟ್ಟಿತು, ಆ ಪ್ರಶ್ನೆಗೆ ನಾಡಿನ ಒಂದೊಂದು ಸೀಮೆಯೂ ತನ್ನದೇ ಪರಂಪರೆಯಿಂದ ಉತ್ತರ ಹುಡುಕುವಂತಾಯಿತು. ಮಲೆನಾಡಿನಲ್ಲಿ ನಡೆಯುವ ಈ ಕಥೆಯ ಇತಿಹಾಸದಲ್ಲಿ ಧಾರವಾಡ ಸೀಮೆಗೆ ಎರಡು ಬಗೆಯ ಪಾಲಿದೆ: ಕಾದಂಬರಿ ಮೊದಲು ಅಚ್ಚಾದದ್ದು ಧಾರವಾಡದಲ್ಲಿ, ಅದು ಕೇಳಿದ ಪ್ರಶ್ನೆಗೆ ಹಳೆಯದೊಂದು ಉತ್ತರ ಇದ್ದದ್ದು ಅದೇ ಜಿಲ್ಲೆಯ ಹಳ್ಳಿಗಳಲ್ಲಿ.

ಅಟ್ಟದಿಂದ ಬಂದ ಕಾದಂಬರಿ

‘ಸಂಸ್ಕಾರ’ದ ಮೂಲದಲ್ಲಿಯೂ ಒಂದು ಕಪ್ಪು-ಬಿಳುಪು ಚಿತ್ರವಿದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಅನಂತಮೂರ್ತಿಯವರು 1963ರಿಂದ 1966ರವರೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ತಮ್ಮ ಗುರುವೂ ಕಾದಂಬರಿಕಾರರೂ ಆಗಿದ್ದ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ 1957ರಲ್ಲಿ ತೆಗೆದ ‘ದ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ಪ್ಲೇಗು ಹಬ್ಬಿದ ಮಧ್ಯಯುಗದ ಯುರೋಪಿನಲ್ಲಿ ಯೋಧನೊಬ್ಬ ಸಾವಿನ ಜೊತೆ ಚದುರಂಗ ಆಡುತ್ತ ದೇವರ ಇರವನ್ನು ಕುರಿತು ಕೇಳುವ ಆ ಚಿತ್ರವನ್ನು ಅವರು ಉಪಶೀರ್ಷಿಕೆಗಳ ನೆರವಿಲ್ಲದೆ ನೋಡಿದ್ದರು. ಯುರೋಪಿನವರು ಗ್ರಂಥಗಳಿಂದ ಕಟ್ಟಿಕೊಳ್ಳಬೇಕಾದ ಮಧ್ಯಯುಗ ತಮ್ಮ ಊರಿನಲ್ಲಿ ಇನ್ನೂ ಜೀವಂತವಾಗಿದೆ ಎಂದು ಅವರು ಹೇಳಿದಾಗ, ಹಾಗಿದ್ದರೆ ಅದನ್ನೇ ಬರೆಯಬೇಕೆಂದು ಬ್ರಾಡ್‌ಬರಿ ಸೂಚಿಸಿದರೆಂಬ ಸಂಗತಿಯನ್ನು ಅನಂತಮೂರ್ತಿಯವರೇ ಹಲವು ಬಾರಿ ನೆನೆದಿದ್ದಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು ತೀರ್ಥಹಳ್ಳಿ ಸೀಮೆಯ ಅಗ್ರಹಾರವನ್ನು ಕುರಿತು ಬರೆದ ಕಾದಂಬರಿ ಹೀಗೆ ಹುಟ್ಟಿತು. ಅಗ್ರಹಾರವೆಂದರೆ ಬ್ರಾಹ್ಮಣ ಕುಟುಂಬಗಳಿಗೆ ದಾನವಾಗಿ ಬಂದ, ಅವರೇ ನೆಲೆಸಿದ ಕೇರಿ ಅಥವಾ ಊರು.

ಈ ಕಾದಂಬರಿಯನ್ನು 1965ರಲ್ಲಿ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಸಂಸ್ಥೆಯ ಕಚೇರಿ ಸುಭಾಸ ರಸ್ತೆಯ ಕಟ್ಟಡವೊಂದರ ಮಹಡಿಯಲ್ಲಿದ್ದು, ಬೇಂದ್ರೆ, ಶಂ.ಬಾ. ಜೋಶಿ, ಗೋಕಾಕ, ಮುಗಳಿ ಮೊದಲಾದವರ ಕಾಲದಿಂದಲೂ ಸಾಹಿತಿಗಳು ಅದನ್ನು ‘ಅಟ್ಟ’ವೆಂದೇ ಕರೆಯುತ್ತ ಬಂದಿದ್ದರು. ಚಂದಾ ಕಟ್ಟಿದ ಸದಸ್ಯರಿಗೆ ವರ್ಷವರ್ಷವೂ ಪುಸ್ತಕಗಳನ್ನು ಕಳಿಸಿಕೊಡುವುದು ಗ್ರಂಥಮಾಲೆಯ ಪದ್ಧತಿಯಾಗಿತ್ತಾದ್ದರಿಂದ, ಪುಸ್ತಕದಂಗಡಿಯೇ ಇಲ್ಲದ ಊರಿನ ಓದುಗನಿಗೂ ಹೊಸ ಬರವಣಿಗೆ ಟಪಾಲಿನಲ್ಲಿ ತಲುಪುವುದು ಸಾಧ್ಯವಿತ್ತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಸಂಸ್ಥೆಯ ಸಾಹಿತ್ಯ ಸಲಹೆಗಾರರಾಗಿ ನವ್ಯ ಬರಹಗಾರರನ್ನು ಅಲ್ಲಿಗೆ ಬರಮಾಡಿಕೊಂಡರು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ವ್ಯಕ್ತಿಯ ಒಳತೋಟಿಗೆ, ನಂಬಿಕೆಗಳ ಬಿರುಕಿಗೆ ಮಾತು ಕೊಟ್ಟ ಸಾಹಿತ್ಯ ಪಂಥಕ್ಕೆ ಕನ್ನಡದಲ್ಲಿ ನವ್ಯವೆಂದು ಹೆಸರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿಯೂ ‘ತುಘಲಕ್’ 1964ರಲ್ಲಿಯೂ ಇದೇ ಅಟ್ಟದಿಂದ ಹೊರಬಂದಿದ್ದವು. ಮುಂದೆ ಚಿತ್ರಕಥೆ ಬರೆದು ನಾಯಕನ ಪಾತ್ರವನ್ನೂ ವಹಿಸಿದ ಕಾರ್ನಾಡರೂ, ಚಿತ್ರಕ್ಕೆ ಮೂಲವಾದ ಕೃತಿಯ ಲೇಖಕರೂ ಒಂದೇ ಪ್ರಕಾಶನದ ನೆರಳಿನಲ್ಲಿದ್ದರು. ಸಿನಿಮಾದವರ ಕಣ್ಣಿಗೆ ಬೀಳುವ ಮೊದಲೇ ‘ಸಂಸ್ಕಾರ’ವು ಸಾಹಿತ್ಯವಲಯದಲ್ಲಿ ಹೊಗಳಿಕೆ ತೆಗಳಿಕೆಗಳೆರಡನ್ನೂ ಉಂಡ ಕೃತಿಯಾಗಿತ್ತು.

ಮದರಾಸಿನ ಕೂಟ

ಆ ಕಾಲದ ಕನ್ನಡ ಚಿತ್ರೋದ್ಯಮದ ಹೆಚ್ಚಿನ ಕೆಲಸ ನಡೆಯುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. 1934ರಲ್ಲಿ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರವು ತನ್ನ ಕಥೆ, ನಟರು, ಸಂಭಾಷಣೆಯ ಧಾಟಿ, ಹಾಡು ಎಲ್ಲವನ್ನೂ ವೃತ್ತಿ ನಾಟಕ ಕಂಪನಿಗಳಿಂದ ಎರವಲು ಪಡೆದಿತ್ತು, 1954ರಲ್ಲಿ ರಾಜಕುಮಾರರನ್ನು ನಾಯಕನಾಗಿ ಪರಿಚಯಿಸಿದ ‘ಬೇಡರ ಕಣ್ಣಪ್ಪ’ವೂ ರಂಗಭೂಮಿಯಿಂದಲೇ ಬಂದದ್ದು. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳ ಆಟಗಳನ್ನು ಕಂಡು ಬೆಳೆದ ಉತ್ತರ ಕರ್ನಾಟಕದ ಪ್ರೇಕ್ಷಕರಿಗೆ ಎತ್ತರದ ದನಿಯ ಮಾತು, ಬಣ್ಣದ ಪರದೆ, ಕಥೆಯ ನಡುನಡುವೆ ಹಾಡು ಇವೆಲ್ಲ ಪರಿಚಿತವಾದ ಸುಖಗಳಾಗಿದ್ದವು. 1964ರಲ್ಲಿಯೇ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ತಿ ಬಣ್ಣದಲ್ಲಿ ಬಂದಿದ್ದರೂ ಬಣ್ಣದ ಫಿಲ್ಮು ದುಬಾರಿಯಾಗಿದ್ದುದರಿಂದ, 1970ರ ಹೊತ್ತಿಗೂ ಹೆಚ್ಚಿನ ಕನ್ನಡ ಚಿತ್ರಗಳು ಕಪ್ಪು-ಬಿಳುಪಿನಲ್ಲೇ ತಯಾರಾಗುತ್ತಿದ್ದವು. ಆದುದರಿಂದ ‘ಸಂಸ್ಕಾರ’ವು ಬಣ್ಣವಿಲ್ಲದೆ ಬಂದದ್ದು ಅಂದಿನವರಿಗೆ ವಿಶೇಷವೆನಿಸಲಿಲ್ಲ, ಅದನ್ನು ತೆಗೆದವರಲ್ಲಿ ಬಹುತೇಕರು ಸಿನಿಮಾ ಕಸುಬಿನ ಹೊರಗಿನವರಾಗಿದ್ದುದೇ ವಿಶೇಷವಾಗಿತ್ತು.

ನಿರ್ದೇಶಕ ಪಟ್ಟಾಭಿಯವರು ನೆಲ್ಲೂರು ಕಡೆಯವರು, 1919ರಲ್ಲಿ ಹುಟ್ಟಿದವರು. ತೆಲುಗಿನಲ್ಲಿ ಛಂದಸ್ಸಿನ ಕಟ್ಟು ಮುರಿದ ಕವಿತೆಗಳಿಂದ ತರುಣ ವಯಸ್ಸಿನಲ್ಲೇ ಹೆಸರು ಮಾಡಿ, ಆಮೇಲೆ ‘ಪೆಳ್ಳಿನಾಟಿ ಪ್ರಮಾಣಾಲು’ವಿನಂಥ ಜನಪ್ರಿಯ ತೆಲುಗು ಚಿತ್ರಗಳ ನಿರ್ಮಾಣದಲ್ಲಿ ತೊಡಗಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ವಿಚಾರಗಳು ಪಟ್ಟಾಭಿಯವರನ್ನೂ ಅವರ ಪತ್ನಿ ಸ್ನೇಹಲತಾ ರೆಡ್ಡಿಯವರನ್ನೂ ಆಳವಾಗಿ ಪ್ರಭಾವಿಸಿದ್ದವು. ಅನಂತಮೂರ್ತಿಯವರದ್ದೂ ಅದೇ ವಿಚಾರದ ಬಳಗ. ಜಾತಿಪದ್ಧತಿಯೇ ಭಾರತದ ಸೋಲಿಗೆ ಮೂಲವೆಂದು ವಾದಿಸಿದ ಲೋಹಿಯಾ 1967ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಈ ಚಿತ್ರ ಕೈಗೂಡಿದ್ದರಿಂದ, ನಿರ್ಮಾಣ ಸಂಸ್ಥೆಗೆ ‘ರಾಮಮನೋಹರ ಚಿತ್ರ’ ಎಂದು ಅವರ ಹೆಸರನ್ನೇ ಇಡಲಾಯಿತು. ಸ್ನೇಹಲತಾ ಅವರು ಇಂಗ್ಲಿಷ್ ನಾಟಕಗಳನ್ನು ಆಡುತ್ತಿದ್ದ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡದ ಪ್ರಮುಖರಲ್ಲಿ ಒಬ್ಬರು. ಆಕ್ಸ್‌ಫರ್ಡಿನಿಂದ ಮರಳಿ 1963ರಿಂದ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಕಾರ್ನಾಡರು ಈ ತಂಡದ ಒಡನಾಟಕ್ಕೆ ಬಂದರು, ಕನ್ನಡದ ಕಾದಂಬರಿಯೊಂದು ತೆಲುಗು ಕವಿಯ ಕೈ ಸೇರಿದ್ದೂ ಈ ಒಡನಾಟದಿಂದಲೇ.

ಕೂಡಿಕೊಂಡವರ ಪಟ್ಟಿಯನ್ನು ನೋಡಿದರೆ ಚಿತ್ರದ ಸ್ವಭಾವ ಅರ್ಥವಾಗುತ್ತದೆ. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು. ಸಂಕಲನ, ಎಂದರೆ ತೆಗೆದ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸ, ಸ್ಟೀವನ್ ಕಾರ್ಟಾ ಅವರದು. ಕಲಾನಿರ್ದೇಶನ ಮಾಡಿದ ಎಸ್.ಜಿ. ವಾಸುದೇವ್ ಮದರಾಸಿನ ಬಳಿ ಕಲಾವಿದರೇ ಕಟ್ಟಿಕೊಂಡ ಚೋಳಮಂಡಲ ಗ್ರಾಮದ ಚಿತ್ರಕಾರರು. ಸಂಗೀತ ನೀಡಿದ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರಾದ ಸರೋದ್ ವಾದಕರು, ಇಂಗ್ಲಿಷ್ ಸಾಹಿತ್ಯದ ವಿದ್ವಾಂಸರು. ಪ್ರಾಣೇಶಾಚಾರ್ಯರಾಗಿ ಕಾರ್ನಾಡ, ಚಂದ್ರಿಯಾಗಿ ಸ್ನೇಹಲತಾ, ನಾರಣಪ್ಪನಾಗಿ ಲೇಖಕ ಪಿ. ಲಂಕೇಶ್ ಅಭಿನಯಿಸಿದರು. ಚಿತ್ರೋದ್ಯಮದ ಒಳಹೊರಗನ್ನು ಬಲ್ಲವರೆಂದರೆ ಪಟ್ಟಾಭಿಯವರನ್ನು ಬಿಟ್ಟರೆ, ತೆಲುಗಿನ ಕೆ.ವಿ. ರೆಡ್ಡಿಯವರ ಕೈಕೆಳಗೆ ಪಳಗಿ ಇಲ್ಲಿ ಸಹನಿರ್ದೇಶಕರಾಗಿ ದುಡಿದ ಸಿಂಗೀತಂ ಶ್ರೀನಿವಾಸರಾವ್ ಮಾತ್ರ. ಮುಂದೆ 1987ರಲ್ಲಿ ಮಾತೇ ಇಲ್ಲದ ‘ಪುಷ್ಪಕ ವಿಮಾನ’ ತೆಗೆದವರು ಇವರೇ. ಒಟ್ಟು ಖರ್ಚು ಸುಮಾರು 95,000 ರೂಪಾಯಿಯೆಂದು ಹೇಳಲಾಗಿದೆ. ಸೆಟ್ಟು ಹಾಕುವ ಗೊಡವೆಗೆ ಹೋಗದೆ ಶೃಂಗೇರಿ ಬಳಿಯ ವೈಕುಂಠಪುರದ ಮನೆ, ಬೀದಿ, ಹೊಳೆದಂಡೆಗಳನ್ನೇ ದೂರ್ವಾಸಪುರವಾಗಿ ಬಳಸಿಕೊಳ್ಳಲಾಯಿತು.

ಹೆಣ, ಹಸಿವು, ಹಗಲಿನ ಬೆಳಕು

ಕಥೆಯ ಗಂಟು ಸರಳವಾದದ್ದು. ದೂರ್ವಾಸಪುರವೆಂಬ ಮಾಧ್ವ ಬ್ರಾಹ್ಮಣರ ಅಗ್ರಹಾರದಲ್ಲಿ ನಾರಣಪ್ಪನೆಂಬವನು ಶಿವಮೊಗ್ಗದಿಂದ ಜ್ವರ ಹೊತ್ತು ತಂದು ಸಾಯುತ್ತಾನೆ. ಅವನು ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು, ಮುಸಲ್ಮಾನ ಗೆಳೆಯರ ಜೊತೆ ಕುಡಿದು ತಿಂದವನು, ದೇವಸ್ಥಾನದ ಹೊಂಡದ ಮೀನು ಹಿಡಿದವನು. ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲವಾದ್ದರಿಂದ ಅವನು ಬ್ರಾಹ್ಮಣನಾಗಿಯೇ ಸತ್ತಿದ್ದಾನೆ. ಧರ್ಮಶಾಸ್ತ್ರ, ಎಂದರೆ ಆಚಾರವಿಚಾರಗಳ ವಿಧಿನಿಷೇಧಗಳನ್ನು ಹೇಳುವ ಗ್ರಂಥಗಳ ಪ್ರಕಾರ, ಹೆಣ ಊರಿನಲ್ಲಿರುವ ತನಕ ಯಾರೂ ಊಟ ಮಾಡುವಂತಿಲ್ಲ, ದೇವರಪೂಜೆ ನಡೆಯುವಂತಿಲ್ಲ. ಸಾವಿನಿಂದ ತಟ್ಟುವ ಈ ಮೈಲಿಗೆಗೆ ಸೂತಕವೆನ್ನುತ್ತಾರೆ. ಹೆಣವನ್ನು ಮುಟ್ಟಿದರೆ ಬ್ರಾಹ್ಮಣ್ಯ ಕೆಡುತ್ತದೆಂಬ ಅಳುಕು, ಮುಟ್ಟದಿದ್ದರೆ ಅನ್ನವಿಲ್ಲವೆಂಬ ಸಂಕಟ ಇವೆರಡರ ನಡುವೆ ಸಿಕ್ಕಿದ ಅಗ್ರಹಾರವು ಪರಿಹಾರಕ್ಕಾಗಿ ಕಾಶಿಯಲ್ಲಿ ಓದಿ ಬಂದ ಮಹಾಪಂಡಿತ ಪ್ರಾಣೇಶಾಚಾರ್ಯರ ಮೊರೆ ಹೋಗುತ್ತದೆ. ಕಾಯಿಲೆಯಿಂದ ನರಳುವ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ತಿಳಿದ ಆಚಾರ್ಯರ ಪಾಂಡಿತ್ಯಕ್ಕೆ ಇದು ಬಗೆಹರಿಯುವುದಿಲ್ಲ. ಇತ್ತ ಇಲಿಗಳು ಸತ್ತು ಬೀಳುತ್ತವೆ, ಮನೆಯ ಮಾಡುಗಳ ಮೇಲೆ ಹದ್ದುಗಳು ಬಂದು ಕೂರುತ್ತವೆ, ನಾರಣಪ್ಪನನ್ನು ಕೊಂದದ್ದು ಪ್ಲೇಗೆಂಬುದು ಊರಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಚಿತ್ರದ ಶಕ್ತಿಯನ್ನು ತಿಳಿಯಲು ಎರಡು ಸಂದರ್ಭಗಳು ಸಾಕು. ಮೊದಲನೆಯದು ಆಚಾರ್ಯರ ಜಗಲಿಯ ಮೇಲಿನ ಸಭೆ. ದಾಯಾದಿಗಳು ಒಬ್ಬರ ಮೇಲೊಬ್ಬರು ಕರ್ತವ್ಯವನ್ನು ಹೊರಿಸಿ ಜಾರಿಕೊಳ್ಳುತ್ತಿರುವಾಗ, ಅಲ್ಲಿಯತನಕ ದೂರದಲ್ಲಿ ಸುಮ್ಮನೆ ನಿಂತಿದ್ದ ಚಂದ್ರಿ ಮುಂದೆ ಬಂದು, ಮೈಮೇಲಿದ್ದ ಚಿನ್ನವನ್ನೆಲ್ಲ ಬಿಚ್ಚಿ ಕರ್ಮದ ವೆಚ್ಚಕ್ಕೆಂದು ಆಚಾರ್ಯರ ಎದುರು ಇಡುತ್ತಾಳೆ. ಆ ಕ್ಷಣದಿಂದ ಸಭೆಯ ದಿಕ್ಕೇ ಬದಲಾಗುತ್ತದೆ: ಮೈಲಿಗೆಯ ಮಾತು ನಿಂತು ತೂಕದ ಲೆಕ್ಕ ಶುರುವಾಗುತ್ತದೆ, ಹೆಣ ಎತ್ತಲು ಒಲ್ಲೆನೆಂದವರೇ ತಮ್ಮ ಹಕ್ಕಿನ ವಂಶಾವಳಿ ಹೇಳತೊಡಗುತ್ತಾರೆ. ಕಾದಂಬರಿಯು ಒಬ್ಬೊಬ್ಬರ ಮನಸ್ಸನ್ನೂ ಹೊಕ್ಕು ವಿವರಿಸುವ ಈ ಪಲ್ಲಟವನ್ನು ಚಿತ್ರವು ಮುಖಗಳ ಮೂಲಕ, ಚಿನ್ನದಿಂದ ಕಣ್ಣು ಕೀಳಲಾಗದ ನೋಟಗಳ ಮೂಲಕ ಹೇಳಬೇಕಾಗಿ ಬಂತು. ಎರಡನೆಯದು ಮಾರುತಿಯ ಗುಡಿ. ಗ್ರಂಥಗಳಲ್ಲಿ ಉತ್ತರ ಸಿಗದೆ ಆಚಾರ್ಯರು ದೇವರಿಗೆ ಹೂವೇರಿಸಿ ಪ್ರಸಾದಕ್ಕೆ ಕಾಯುತ್ತಾರೆ. ಮೂರ್ತಿಯ ಬಲದಿಂದ ಹೂ ಬಿದ್ದರೆ ಒಪ್ಪಿಗೆ, ಎಡದಿಂದ ಬಿದ್ದರೆ ನಿಷೇಧ ಎಂಬುದು ಈ ಕೇಳಿಕೆಯ ಕ್ರಮ. ಬೆಳಗು ಮಧ್ಯಾಹ್ನವಾಗಿ ಸಂಜೆಯಾದರೂ ಹೂ ಅತ್ತ ಇತ್ತ ಅಲ್ಲಾಡುವುದಿಲ್ಲ. ಸೋತು ಕತ್ತಲಲ್ಲಿ ಮರಳುವ ಆಚಾರ್ಯರಿಗೆ ಕಾಡಿನಲ್ಲಿ ಚಂದ್ರಿ ಎದುರಾಗಿ, ಇಬ್ಬರೂ ಕೂಡುತ್ತಾರೆ. ಅಂದಿನಿಂದ ನಾರಣಪ್ಪನ ತೀರ್ಪುಗಾರರಾಗಿ ಕೂರುವ ನೈತಿಕ ಹಕ್ಕು ತಮಗಿಲ್ಲವೆಂದು ಆಚಾರ್ಯರಿಗೆ ಅನ್ನಿಸತೊಡಗುತ್ತದೆ. ಇತ್ತ ಚಂದ್ರಿಯು ಮುಸಲ್ಮಾನನೊಬ್ಬನ ನೆರವಿನಿಂದ ಇರುಳಿನಲ್ಲಿಯೇ ಹೆಣವನ್ನು ಸುಡಿಸಿ ಊರು ಬಿಟ್ಟಿರುತ್ತಾಳೆ. ಅಗ್ರಹಾರವು ಇನ್ನೂ ಯಾವುದರ ಬಗ್ಗೆ ಚರ್ಚಿಸುತ್ತಿದೆಯೋ ಆ ಕೆಲಸ ಅದರ ಅರಿವಿಲ್ಲದೆಯೇ ಮುಗಿದುಹೋಗಿರುತ್ತದೆ.

ಈ ಕಥೆಗೆ ಕಪ್ಪು-ಬಿಳುಪು ಕೇವಲ ಉಳಿತಾಯದ ದಾರಿಯಾಗಿ ಉಳಿಯಲಿಲ್ಲ. ಸ್ಟುಡಿಯೋದ ದೀಪಗಳ ಬದಲು ಹಗಲಿನ ಬೆಳಕನ್ನು ನೆಚ್ಚಿ ತೆಗೆದ ಚಿತ್ರದಲ್ಲಿ ಅಂಗಳದ ಬಿಸಿಲು ಕಣ್ಣು ಕುಕ್ಕುತ್ತದೆ, ಒಳಮನೆ ಕತ್ತಲಲ್ಲಿ ಮುಳುಗಿರುತ್ತದೆ. ಮಡಿ ಮೈಲಿಗೆಗಳ ನಡುವೆ ಗೆರೆ ಎಳೆದುಕೊಂಡು ಬದುಕುವ ಜನರ ಲೋಕಕ್ಕೆ ಬೆಳಕು ನೆರಳುಗಳ ಈ ಗಡಿ ತಾನಾಗಿ ಒದಗಿ ಬಂತು, ಆ ಗಡಿಯನ್ನು ದಾಟುವವರೆಲ್ಲ ಕಣ್ಣೆದುರೇ ದಾಟುತ್ತಾರೆ. ಮಲೆನಾಡೆಂದರೆ ಹಸಿರು ಎಂಬ ಎಣಿಕೆಗೆ ಒಗ್ಗಿದ ಕಣ್ಣಿಗೆ ಇಲ್ಲಿ ಕಾಣುವುದು ಬೂದಿ ಬಣ್ಣದ ಹೆಂಚು, ಒಣಗಿದ ತುಟಿ, ಬರಿಮೈ, ಸುಮ್ಮನೆ ಕೂತ ಜನ. 113 ನಿಮಿಷಗಳ ಚಿತ್ರದಲ್ಲಿ ಮನರಂಜನೆಗೆಂದು ಸೇರಿಸಿದ ಹಾಡು ಕುಣಿತಗಳಿಲ್ಲ. ಸಂಗೀತ ಬರುವುದೂ ಬೇಕಾದಷ್ಟೇ. ನಾಟಕ ಕಂಪನಿಯ ಎತ್ತರದ ದನಿಯಿಂದ ಕನ್ನಡ ಚಿತ್ರವನ್ನು ಬಿಡಿಸುವ ಯತ್ನಗಳು ಇದಕ್ಕೂ ಮೊದಲು ನಡೆದಿದ್ದವಾದರೂ, ಮೌನವನ್ನು ಇಷ್ಟು ಹೊತ್ತು ಹಿಡಿದಿಟ್ಟ ಚಿತ್ರ ಕನ್ನಡದ ಪ್ರೇಕ್ಷಕನಿಗೆ ಹೊಸದಾಗಿತ್ತು.

ಕತ್ತರಿ ಮತ್ತು ಪದಕ

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವಿಲ್ಲದೆ ಯಾವ ಚಿತ್ರವನ್ನೂ ಸಾರ್ವಜನಿಕವಾಗಿ ತೋರಿಸುವಂತಿಲ್ಲ. ‘ಸಂಸ್ಕಾರ’ವನ್ನು ಪರಿಶೀಲಿಸಿದ ಮದರಾಸಿನ ಮಂಡಳಿಯು, ಜಾತಿ ವ್ಯವಸ್ಥೆಯ ವಿರುದ್ಧದ ಅದರ ನಿಲುವು ಜನರಲ್ಲಿ ಉದ್ವೇಗ ಹುಟ್ಟಿಸಬಹುದೆಂಬ ಕಾರಣಕ್ಕೆ ಪ್ರಮಾಣಪತ್ರ ನಿರಾಕರಿಸಿ ಪ್ರದರ್ಶನವನ್ನು ತಡೆಯಿತು. ಕಾದಂಬರಿ ಐದು ವರ್ಷಗಳಿಂದ ಎಲ್ಲರ ಕೈಯಲ್ಲಿದ್ದರೂ ಅದೇ ಕಥೆ ತೆರೆಗೆ ಬಂದಾಗ ಅಪಾಯಕಾರಿಯೆನಿಸಿದ್ದಕ್ಕೆ, ಓದು ಒಬ್ಬೊಬ್ಬರೇ ಮಾಡುವ ಕೆಲಸ, ಸಿನಿಮಾ ಅಕ್ಷರ ಬಾರದವರೂ ಗುಂಪಾಗಿ ಕೂತು ನೋಡುವ ಕಲೆ ಎಂಬ ಹಳೆಯ ತರ್ಕವೇ ಆಧಾರ. ಅದೇ ಹೊತ್ತಿಗೆ ಈ ತರ್ಕವು ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿಯೂ ಚರ್ಚೆಗೆ ಬಂದಿತ್ತು: ಕೆ.ಎ. ಅಬ್ಬಾಸ್ ಅವರು ತಮ್ಮ ಸಾಕ್ಷ್ಯಚಿತ್ರವೊಂದಕ್ಕೆ ಹಾಕಿದ ಕತ್ತರಿಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1970ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟು, ಚಲನಚಿತ್ರಗಳ ಪೂರ್ವ ಪರಿಶೀಲನೆ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಮಂಡಳಿಯ ತೀರ್ಮಾನದ ಮೇಲೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸುವ ಅವಕಾಶ ಆಗ ಇತ್ತಾದ್ದರಿಂದ ‘ಸಂಸ್ಕಾರ’ದ ಪ್ರಕರಣವು ದೆಹಲಿಗೆ ಹೋಯಿತು, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಧ್ಯಪ್ರವೇಶದಿಂದ ತಡೆ ತೆರವಾಯಿತು.

ತಡೆ ಬಿದ್ದ ಚಿತ್ರವೇ 18ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ರಾಷ್ಟ್ರಪತಿಗಳ ಚಿನ್ನದ ಪದಕ ಗೆದ್ದದ್ದು, ಒಂದೇ ಸರ್ಕಾರದ ಎರಡು ಕೈಗಳು ಎರಡು ದಿಕ್ಕಿಗೆ ಎಳೆದ ಅಪರೂಪದ ಸಂದರ್ಭ. ಮುಂದೆ ಸ್ವರ್ಣಕಮಲವೆಂದು ಹೆಸರಾದ ಈ ಗೌರವದ ತೂಕ ತಿಳಿಯಬೇಕಾದರೆ ಅದೇ ಸಾಲಿನ ಎರಡನೆಯ ಅತ್ಯುತ್ತಮ ಚಿತ್ರ ಯಾವುದೆಂದು ನೋಡಬೇಕು: ಸತ್ಯಜಿತ್ ರಾಯ್ ಅವರ ‘ಪ್ರತಿದ್ವಂದ್ವಿ’. ನಿರ್ದೇಶನದ ಪ್ರಶಸ್ತಿ ರಾಯ್ ಅವರಿಗೇ ಸಂದಿತು. ಆದರೆ ಮೊದಲ ಸಲ ನಿರ್ದೇಶನಕ್ಕಿಳಿದ ತೆಲುಗು ಕವಿಯೊಬ್ಬ ಕನ್ನಡದಲ್ಲಿ ತೆಗೆದ ಚಿತ್ರಕ್ಕೆ ಅದಕ್ಕಿಂತ ಮೇಲಿನ ಸ್ಥಾನ ದೊರೆಯಿತು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಕಂಚಿನ ಚಿರತೆ ಪ್ರಶಸ್ತಿಯೂ ಬಂತು.

ಹಾದಿ ಹಿಡಿದವರು, ಸೆರೆ ಸೇರಿದವರು

ಮುಂದಿನ ಏಳು ವರ್ಷಗಳಲ್ಲಿ ಬಂದ ಚಿತ್ರಗಳನ್ನು ಗಮನಿಸಿದರೆ ‘ಸಂಸ್ಕಾರ’ ತೋರಿದ ದಾರಿ ಎಷ್ಟು ಅಗಲವಾಗಿತ್ತೆಂದು ತಿಳಿಯುತ್ತದೆ. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತ ಮತ್ತು ಕಾರ್ನಾಡರು ಕೂಡಿ ನಿರ್ದೇಶಿಸಿದ ‘ವಂಶವೃಕ್ಷ’ವು 1971ರ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಪಡೆಯಿತು, ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ 1973ರಲ್ಲಿ ಕಾರ್ನಾಡರ ನಿರ್ದೇಶನದಲ್ಲಿ ಬಂತು, ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು 1975ರಲ್ಲಿ ಬಿ.ವಿ. ಕಾರಂತರು ತೆರೆಗೆ ತಂದು ಕನ್ನಡಕ್ಕೆ ಎರಡನೆಯ ಸ್ವರ್ಣಕಮಲ ದೊರಕಿಸಿದರು. 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಮೂರನೆಯದನ್ನು ತಂದಿತು. ‘ಘಟಶ್ರಾದ್ಧ’ವೂ ಅನಂತಮೂರ್ತಿಯವರ ಕಥೆ, ಅದೂ ಕಪ್ಪು-ಬಿಳುಪು, ಅದೂ ಅಗ್ರಹಾರದ್ದೇ; ಬದುಕಿರುವ ಹೆಣ್ಣಿಗೆ ಸತ್ತವರಿಗೆ ಮಾಡುವ ಕರ್ಮ ಮಾಡಿ ಅವಳನ್ನು ಕುಲದಿಂದ ಹೊರಗಿಡುವ ಕ್ರೌರ್ಯವನ್ನು ಹುಡುಗನೊಬ್ಬನ ಕಣ್ಣಿನಿಂದ ನೋಡುವ ಆ ಚಿತ್ರವು, ಹೆಣವೊಂದಕ್ಕೆ ಕರ್ಮ ಮಾಡಲು ಒಪ್ಪದ ಊರಿನ ಕಥೆಯನ್ನು ಮತ್ತೊಂದು ತುದಿಯಿಂದ ಹೇಳಿದಂತಿದೆ. ಈ ಚಿತ್ರಗಳೆಲ್ಲವೂ ಸಾಹಿತ್ಯ ಕೃತಿಗಳನ್ನು ಆಧರಿಸಿದವು, ಸ್ಟುಡಿಯೋ ಬಿಟ್ಟು ಊರುಗಳಲ್ಲಿ ತೆಗೆದವು, ಕಡಿಮೆ ಖರ್ಚಿನವು ಎಂಬ ಮೂರು ಗುಣಗಳಲ್ಲಿ ‘ಸಂಸ್ಕಾರ’ವನ್ನೇ ಅನುಸರಿಸಿದವು.

ಚಿತ್ರದ ಹಿಂದಿದ್ದ ರಾಜಕೀಯ ನಂಬಿಕೆ ಮಾತ್ರ ಅದನ್ನು ತೆಗೆದವರಿಂದ ಭಾರಿ ಬೆಲೆ ಕೇಳಿತು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ಮೇಲೆ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಆಪ್ತ ಬಳಗದಲ್ಲಿದ್ದ ಸ್ನೇಹಲತಾ ರೆಡ್ಡಿಯವರನ್ನು, ಸ್ಫೋಟಕಗಳ ಸಂಚಿನ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ 1976ರ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ ಮೀಸಾ ಕಾಯ್ದೆಯಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಡಲಾಯಿತು. ತೀವ್ರ ಅಸ್ತಮಾದಿಂದ ನರಳುತ್ತಿದ್ದ ಅವರನ್ನು ಆರೋಗ್ಯ ಪೂರ್ತಿ ಕುಸಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಡಲಾಯಿತು; ಜನವರಿ 20ರಂದು ಅವರು ತೀರಿಕೊಂಡರು. ಸೆರೆಯಲ್ಲಿ ಅವರು ಬರೆದಿಟ್ಟ ದಿನಚರಿ ಅದೇ ವರ್ಷ ಪ್ರಕಟವಾಗಿ ತುರ್ತುಪರಿಸ್ಥಿತಿಯ ಮುಖ್ಯ ದಾಖಲೆಗಳಲ್ಲೊಂದಾಯಿತು. ಅಲ್ಲಿಂದೀಚೆಗೆ ‘ಸಂಸ್ಕಾರ’ವನ್ನು ನೋಡುವವರು ಚಂದ್ರಿಯ ಪಾತ್ರವನ್ನು ಪಾತ್ರವಾಗಿಯಷ್ಟೇ ನೋಡುವುದು ಕಷ್ಟವಾಯಿತು, ಊರಿನ ಹಿರಿಯರು ಮಾಡಲಾರದ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುವ ಹೆಣ್ಣಿನ ಜೊತೆಗೆ, ಆ ಪಾತ್ರ ವಹಿಸಿದವರ ಬದುಕೂ ಸೇರಿಕೊಂಡಿತು.

ತೆರೆಗಿಂತ ಪುಸ್ತಕದಲ್ಲಿ ಬಾಳಿದ ಕೀರ್ತಿ

ಇಷ್ಟು ದೊಡ್ಡ ಹೆಸರಿನ ಚಿತ್ರವು ಚಿತ್ರಮಂದಿರಗಳಲ್ಲಿ ಜನಪ್ರಿಯ ಚಿತ್ರಗಳಂತೆ ಓಡಿದ್ದಲ್ಲ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಮೊದಲಾಗುವ ಕಲಘಟಗಿ ತಾಲ್ಲೂಕಿನ ತಂಬೂರದಂಥ ಊರಿಗೆ ಆ ದಶಕದಲ್ಲಿ ಸಿನಿಮಾ ಎಂದರೆ ತಾಲ್ಲೂಕಿನ ಊರಿಗೋ ಹುಬ್ಬಳ್ಳಿಗೋ ಹೋಗಿ ನೋಡಿಬರುವ ಆಟ, ಇಲ್ಲವೆ ಜಾತ್ರೆಯ ಹೊತ್ತಿಗೆ ಡೇರೆ ಹೊಡೆಯುವ ಟೂರಿಂಗ್ ಟಾಕೀಜು. ಆ ಡೇರೆಗಳು ಬದುಕುತ್ತಿದ್ದುದು ರಾಜಕುಮಾರರ ಚಿತ್ರಗಳಿಂದ, ಪೌರಾಣಿಕಗಳಿಂದ. ‘ಸಂಸ್ಕಾರ’ವು ಅಂಥ ಊರುಗಳ ಓದುಗರನ್ನು ಮುಟ್ಟಿದ್ದು ಪತ್ರಿಕೆಯ ಬರಹಗಳ, ಕಾಲೇಜಿನ ಪಾಠಗಳ, ಗ್ರಂಥಾಲಯದ ಕಾದಂಬರಿ ಪ್ರತಿಯ ಮೂಲಕ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಬಂದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾದದ್ದು, ಮರುವರ್ಷ ವಿ.ಎಸ್. ನೈಪಾಲ್ ಭಾರತವನ್ನು ಕುರಿತ ತಮ್ಮ ಪುಸ್ತಕದಲ್ಲಿ ಈ ಕಾದಂಬರಿಯನ್ನು ವಿಸ್ತಾರವಾಗಿ ಚರ್ಚಿಸಿದ್ದು ಇವೆಲ್ಲ ಚಿತ್ರದ ಹೆಸರನ್ನೂ ಜೊತೆಗೆ ಹೊತ್ತು ನಡೆದವು. ಕಾದಂಬರಿಯಿಂದ ಚಿತ್ರಕ್ಕೆ ನೋಡುಗರೂ ಚಿತ್ರದಿಂದ ಕಾದಂಬರಿಗೆ ಓದುಗರೂ ಸಿಕ್ಕುತ್ತ ಹೋದದ್ದರಿಂದ ಎರಡರ ಕೀರ್ತಿಯನ್ನು ಬೇರೆ ಬೇರೆಯಾಗಿ ತೂಗುವುದೇ ಈಗ ಕಷ್ಟ.

ಆಕ್ಷೇಪಗಳೂ ಅಷ್ಟೇ ದೀರ್ಘಾಯುಷಿಗಳು. ಅಗ್ರಹಾರದ ಬ್ರಾಹ್ಮಣರನ್ನು ಹೊಟ್ಟೆಬಾಕರೂ ಆಸೆಬುರುಕರೂ ಆಗಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದೆ ಎಂಬುದು ಮೊದಲಿನಿಂದ ಬಂದ ದೂರು. ಬ್ರಾಹ್ಮಣ ಗಂಡಸಿನ ಬಿಡುಗಡೆಗೆ ಶೂದ್ರ ಹೆಣ್ಣಿನ ದೇಹ ಮೆಟ್ಟಿಲಾಯಿತು, ಚಂದ್ರಿಗೆ ಮೈ ಇದೆ, ಮನಸ್ಸು ಕಾಣುವುದಿಲ್ಲ ಎಂಬುದು ನಂತರದ ತಲೆಮಾರಿನ ಓದು. ಎರಡರಲ್ಲೂ ಹುರುಳಿದೆ, ಎರಡನೆಯದಕ್ಕೆ ಕಾದಂಬರಿಗಿಂತ ಚಿತ್ರವೇ ಚೂರು ಸಮಾಧಾನ ಹೇಳಬಲ್ಲದು, ಏಕೆಂದರೆ ಅಲ್ಲಿ ಆಚಾರ್ಯರ ಒಳಮಾತು ಕಡಿಮೆಯಾಗಿ ಚಂದ್ರಿಯ ಮೌನ ಅವರ ಪಾಂಡಿತ್ಯದಷ್ಟೇ ಜಾಗ ಪಡೆಯುತ್ತದೆ.

ಕಳಸದ ಉತ್ತರ

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಈ ಕಥೆ ತೀರ್ಥಹಳ್ಳಿಯಲ್ಲಿ ಕೇಳಿಸಿದಂತೆಯೇ ಕೇಳಿಸಲಾರದು. ಮಾಧ್ವ ಮನೆತನಗಳು ಇಲ್ಲಿಯೂ ಹಳೆಯವೇ ಆದರೂ, ಊರುಗಳ ಬಾಳ್ವೆಯಲ್ಲಿ ಹಿರಿದಾದ ಪಾಲು 12ನೆಯ ಶತಮಾನದ ಶರಣರ ಪರಂಪರೆಯದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಇವುಗಳಿಂದ ತಟ್ಟುತ್ತವೆಂಬ ಐದು ಸೂತಕಗಳನ್ನು ಲಿಂಗವಂತನಿಗೆ ಇಲ್ಲವೆಂದು ಆ ಪರಂಪರೆ ಸಾರಿತು; ಆಚರಣೆಯಲ್ಲಿ ಅದು ಎಲ್ಲ ಕಾಲಕ್ಕೂ ಎಲ್ಲ ಮನೆಗಳಲ್ಲೂ ಉಳಿಯಿತೆಂದು ಹೇಳಲಾಗದಿದ್ದರೂ, ಸಾವಿನ ಸೂತಕವನ್ನು ಅಲ್ಲಗಳೆಯುವ ಮಾತು ಇಲ್ಲಿ ಎಂಟು ನೂರು ವರ್ಷ ಹಳೆಯದು. ಹೆಣ ಬಿದ್ದಿದೆಯೆಂದು ಊರಿಗೆ ಊರೇ ಉಪವಾಸ ಕೂರುವ ದೂರ್ವಾಸಪುರದ ಇಕ್ಕಟ್ಟು ಇಂಥ ಕಡೆ ದುರಂತವೆನ್ನಿಸುವ ಮೊದಲು ಒಗಟೆನ್ನಿಸುತ್ತದೆ.

ಅದಕ್ಕಿಂತ ಹತ್ತಿರದ ನಿದರ್ಶನ ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರದು. 19ನೆಯ ಶತಮಾನದ ಈ ಬ್ರಾಹ್ಮಣ ಗುರು ಶಿಶುನಾಳದ ಮುಸಲ್ಮಾನ ತರುಣ ಷರೀಫನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರೆಂದೂ, ಊರಿನ ಬ್ರಾಹ್ಮಣರ ಆಕ್ಷೇಪವನ್ನು ಲೆಕ್ಕಿಸದೆ ಅವನ ಜೊತೆ ಉಂಡರೆಂದೂ, ಅವನಿಗೆ ಜನಿವಾರ ಹಾಕಿದರೆಂದೂ ಐತಿಹ್ಯವಿದೆ. ನಾರಣಪ್ಪನ ಮೇಲೆ ಅಗ್ರಹಾರ ಹೊರಿಸಿದ ಆರೋಪಗಳಲ್ಲಿ ಒಂದು ಇಲ್ಲಿ ಗುರುವಿನ ಹಿರಿಮೆಯಾಗಿ ಜನಮನದಲ್ಲಿ ನಿಂತಿದೆ. 1889ರಲ್ಲಿ ಷರೀಫರು ತೀರಿಕೊಂಡಾಗ ಹಿಂದೂಗಳೂ ಮುಸಲ್ಮಾನರೂ ಕೂಡಿ, ತಮ್ಮ ತಮ್ಮ ಪದ್ಧತಿಯಂತೆ ಅಂತ್ಯಕ್ರಿಯೆ ನಡೆಸಿದರೆಂದೂ ಹೇಳುತ್ತಾರೆ. ದೂರ್ವಾಸಪುರದಲ್ಲಿ ಒಂದು ಹೆಣಕ್ಕೆ ಒಬ್ಬನೂ ಮುಂದೆ ಬರುವುದಿಲ್ಲ. ಶಿಶುನಾಳದಲ್ಲಿ ಒಂದು ದೇಹಕ್ಕೆ ಎರಡು ಧರ್ಮಗಳು ಹಕ್ಕು ಹೇಳಿ, ಜಗಳವಾಡದೆ ಹಂಚಿಕೊಂಡವು.

ಟಿ.ಎಸ್. ನಾಗಾಭರಣರು 1990ರಲ್ಲಿ ನಿರ್ದೇಶಿಸಿದ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಗೋವಿಂದಭಟ್ಟರ ಪಾತ್ರ ವಹಿಸಿದವರು ಗಿರೀಶ ಕಾರ್ನಾಡರು. ಇಪ್ಪತ್ತು ವರ್ಷಗಳ ಹಿಂದೆ ಶಾಸ್ತ್ರದ ಓಲೆಗಳಲ್ಲಿ ಉತ್ತರ ಕಾಣದೆ ತಡಕಾಡಿದ ಆಚಾರ್ಯನಾಗಿ ಮೊದಲು ತೆರೆಗೆ ಬಂದ ನಟನೇ, ಶಾಸ್ತ್ರವನ್ನು ಬದಿಗಿಟ್ಟು ಕೈ ಚಾಚಿದ ಭಟ್ಟನಾಗಿಯೂ ಕಾಣಿಸಿಕೊಂಡದ್ದು ಯಾರೂ ಯೋಜಿಸಿದ ಹೊಂದಿಕೆಯಲ್ಲ. ಆದರೂ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಿಗೆ ಕನ್ನಡ ನಾಡು ಒಂದೇ ಪ್ರಶ್ನೆಗೆ ಎರಡು ಕಡೆ ಎರಡು ಬಗೆಯ ಉತ್ತರಗಳನ್ನು ಬದುಕಿ ತೋರಿಸಿದ್ದು ಸ್ಪಷ್ಟವಾಗುತ್ತದೆ. 2024ರಲ್ಲಿ ‘ಘಟಶ್ರಾದ್ಧ’ವನ್ನು ಹೊಸದಾಗಿ ಸಂಸ್ಕರಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು, ಕಪ್ಪು-ಬಿಳುಪಿನ ಆ ಚಿತ್ರಗಳನ್ನು ಕಾಪಿಡಬೇಕೆಂಬ ಎಚ್ಚರ ಹಾಗೆ ಮೂಡಿರುವ ಈ ಕಾಲದಲ್ಲಿ ‘ಸಂಸ್ಕಾರ’ವನ್ನು ಪ್ರಶಸ್ತಿಯ ಪಟ್ಟಿಯಲ್ಲಿ ಮೊದಲು ಬರುವ ಹೆಸರಾಗಿ ಗೌರವಿಸಿ ಮುಂದೆ ಸಾಗಿದರೆ ಸಾಲದು. ನಿಯಮ ಮತ್ತು ನೆರೆಹೊರೆ ಇವೆರಡರಲ್ಲಿ ಒಂದನ್ನು ಆರಿಸಬೇಕಾದ ಊರು ಏನು ಮಾಡುತ್ತದೆ ಎಂಬ ಅದರ ಪ್ರಶ್ನೆಗೆ ಸಮಾಜವು ತೃಪ್ತಿಕರವಾಗಿ ಉತ್ತರಿಸುವವರೆಗೂ ಆ ಚಿತ್ರ ಹಳೆಯದಾಗುವುದಿಲ್ಲ, ಅದರ ಕೀರ್ತಿಗೆ ನಿಜವಾದ ಆಧಾರವೂ ಅದೇ.